ಸಣ್ಣ ಊರಿನಲ್ಲಿ ಕ್ಲಿನಿಕಲ್ ಸೋಷಿಯಲ್ ವರ್ಕರ್ ಹುಡುಕುವುದು ಹೇಗೆ: ಮೊದಲ ಫೋನಿನಿಂದ ನಾಲ್ಕನೇ ಭೇಟಿಯವರೆಗೆ

ಸಣ್ಣ ಊರಿನಲ್ಲಿ ಕ್ಲಿನಿಕಲ್ ಸೋಷಿಯಲ್ ವರ್ಕರ್ ಬೋರ್ಡು ಹಾಕಿಕೊಂಡು ಕೂತಿರುವುದು ಅಪರೂಪ. ಅವರು ಇರುವುದು ಬೇರೆ ಸಂಸ್ಥೆಗಳ ಒಳಗೆ: ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ, ಶಾಲೆಯಲ್ಲಿ, ವ್ಯಸನಮುಕ್ತಿ ಕೇಂದ್ರದಲ್ಲಿ, ವಾರಕ್ಕೊಮ್ಮೆ ಬಂದು ಹೋಗುವ ಮಾನಸಿಕ ಆರೋಗ್ಯ ತಂಡದಲ್ಲಿ. ಅಂತರ್ಜಾಲದಲ್ಲಿ ಹುಡುಕಿ, ಏನೂ ಸಿಗದೆ, ‘ನಮ್ಮ ಕಡೆ ಯಾರೂ ಇಲ್ಲ’ ಎಂದು ಕೈಬಿಡುವವರಲ್ಲಿ ಬಹಳ ಮಂದಿ ಈ ಬಾಗಿಲುಗಳನ್ನು ತಟ್ಟಿಯೇ ಇರುವುದಿಲ್ಲ. ಇನ್ನು ಕೆಲವರಿಗೆ ಯಾರು ಎಲ್ಲಿದ್ದಾರೆ ಅಂತ ಗೊತ್ತಿದ್ದರೂ, ‘ಊರಿಗೆಲ್ಲ ಗೊತ್ತಾದರೆ?’ ಎಂಬ ಭಯ ಕಾಲು ಕಟ್ಟುತ್ತದೆ. ಆ ಭಯಕ್ಕೆ ಕಾರಣವಿದೆ. ಆದರೆ ಅದನ್ನು ಕಮ್ಮಿ ಮಾಡುವ ಖಚಿತ ದಾರಿಗಳೂ ಇವೆ.

ಕಾಯಬಾರದ ಸಂದರ್ಭ

ಸಾಯಬೇಕೆಂಬ ಯೋಚನೆ ಬಲವಾಗಿದ್ದರೆ, ಮನೆಯಲ್ಲಿ ಹಿಂಸೆ ನಡೆಯುತ್ತಿದ್ದರೆ, ಯಾರಿಗೂ ಕೇಳಿಸದ ದನಿಗಳು ಕೇಳಿಸುತ್ತಿದ್ದರೆ ಅಥವಾ ದಿನಗಟ್ಟಲೆ ನಿದ್ದೆಯೇ ಇಲ್ಲದೆ ವಿಪರೀತ ಚಟುವಟಿಕೆ ಕಾಣುತ್ತಿದ್ದರೆ ಈ ಲೇಖನದ ಮುಂದಿನ ಹೆಜ್ಜೆಗಳು ಆಮೇಲಿನ ಮಾತು. ಮೊದಲು ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಇಲ್ಲವೇ ಸಹಾಯವಾಣಿಗೆ ಕರೆ ಮಾಡಿ. ಭಾರತದಲ್ಲಿ ಟೆಲಿ-ಮಾನಸ್ 14416, ಅಮೆರಿಕ ಮತ್ತು ಕೆನಡಾದಲ್ಲಿ 988, ಆಸ್ಟ್ರೇಲಿಯಾದಲ್ಲಿ ಲೈಫ್‌ಲೈನ್ 13 11 14. ಅಪಾಯ ತಗ್ಗಿದ ಮೇಲೆ, ಅದೇ ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುಂಚೆ, ‘ಇಲ್ಲಿನ ಸೋಷಿಯಲ್ ವರ್ಕರ್ ಜೊತೆ ಮಾತಾಡಬೇಕು’ ಎಂದು ಕೇಳಿ. ಮುಂದಿನ ಚಿಕಿತ್ಸೆಯ ದಾರಿ ಅಲ್ಲಿಂದಲೇ ಬೇಗ ತೆರೆದುಕೊಳ್ಳುತ್ತದೆ.

ನಿಮಗೆ ಬೇಕಿರುವುದು ಇವರೇ ಹೌದೇ?

ಕ್ಲಿನಿಕಲ್ ಸೋಷಿಯಲ್ ವರ್ಕರ್ ಎಂದರೆ ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅದರ ಮೇಲೆ ಮಾನಸಿಕ ಆರೋಗ್ಯದ ಚಿಕಿತ್ಸೆಯಲ್ಲಿ ಹಿರಿಯರ ಮೇಲ್ವಿಚಾರಣೆಯಡಿ ತರಬೇತಿ ಪಡೆದವರು. ಅವರು ಮಾತಿನ ಚಿಕಿತ್ಸೆ ಕೊಡುತ್ತಾರೆ, ಖಿನ್ನತೆ, ಆತಂಕ, ಆಘಾತ, ಕುಡಿತದ ಸಮಸ್ಯೆಗಳನ್ನು ಅಳೆದು ನೋಡುತ್ತಾರೆ, ಕುಟುಂಬವನ್ನು ಕೂರಿಸಿಕೊಂಡು ಮಾತಾಡುತ್ತಾರೆ. ಜೊತೆಗೆ ಮನೆ, ಕೆಲಸ, ಸಾಲ, ವಿಮೆ, ಅಂಗವಿಕಲತೆಯ ಸವಲತ್ತು ಇವೆಲ್ಲ ಕಾಯಿಲೆಯ ಜೊತೆ ಹೆಣೆದುಕೊಂಡಾಗ ಎಳೆ ಬಿಡಿಸುವುದು ಅವರ ಕಸುಬಿನದೇ ಭಾಗ. ಮಗನಿಗೆ ಸ್ಕಿಜೋಫ್ರೇನಿಯಾ, ತಂದೆಗೆ ಕೆಲಸ ಹೋಗಿದೆ, ತಾಯಿಗೆ ನಿದ್ದೆಯಿಲ್ಲ ಎನ್ನುವಂಥ ಮನೆಗೆ ಇವರಷ್ಟು ಒದಗಿ ಬರುವವರು ಕಡಿಮೆ.

ಔಷಧಿ ಬರೆದುಕೊಡುವುದು ಇವರ ಕೆಲಸವಲ್ಲ. ಮಾತ್ರೆ ಬೇಕಿದ್ದರೆ ಮನೋವೈದ್ಯರು ಅಥವಾ ಕುಟುಂಬ ವೈದ್ಯರು ಬೇಕು. ಬುದ್ಧಿಶಕ್ತಿ ಪರೀಕ್ಷೆ, ಕಲಿಕೆಯ ತೊಂದರೆಯ ವಿವರವಾದ ಪರೀಕ್ಷೆಗಳಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಹುಡುಕಾಟ ಶುರು ಮಾಡುವ ಮೊದಲು ಸುಸ್ತು, ಬೇಸರ, ಮರೆವು ಇದ್ದರೆ ವೈದ್ಯರ ಬಳಿ ಥೈರಾಯ್ಡ್, ಬಿ12, ರಕ್ತಹೀನತೆ ಪರೀಕ್ಷೆ ಮಾಡಿಸಿಕೊಳ್ಳಿ. ಇವುಗಳ ಲಕ್ಷಣಗಳು ಖಿನ್ನತೆಯಂತೆಯೇ ಕಾಣಬಲ್ಲವು. ಥೈರಾಯ್ಡ್ ತೊಂದರೆಗೆ ತಿಂಗಳುಗಟ್ಟಲೆ ಮಾತಿನ ಚಿಕಿತ್ಸೆ ಮಾಡಿಸಿಕೊಂಡು ಬಳಲುವುದು ಬೇಡ.

ಹೆಜ್ಜೆ 1: ಒಂದು ಹಾಳೆಯಲ್ಲಿ ನಾಲ್ಕು ಸಾಲು

ಫೋನ್ ಮಾಡುವ ಮೊದಲು ಬರೆದಿಟ್ಟುಕೊಳ್ಳಿ: ತೊಂದರೆ ಏನು, ಎಷ್ಟು ದಿನದಿಂದ, ಅದರಿಂದ ಯಾವ ಕೆಲಸ ನಿಂತಿದೆ, ವಾರದ ಯಾವ ಹೊತ್ತು ನಿಮಗೆ ಬಿಡುವು. ‘ಮನಸ್ಸು ಸರಿಯಿಲ್ಲ’ ಎಂದರೆ ಆ ಕಡೆಯವರಿಗೆ ನಿಮ್ಮನ್ನು ಯಾರ ಹತ್ತಿರ ಕಳಿಸಬೇಕೆಂದು ತಿಳಿಯುವುದಿಲ್ಲ. ‘ಮೂರು ತಿಂಗಳಿಂದ ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರ, ಕೆಲಸಕ್ಕೆ ರಜೆ ಹಾಕುತ್ತಿದ್ದೇನೆ, ಬುಧವಾರ ಸಂಜೆ ಬರಬಲ್ಲೆ’ ಎಂದರೆ ಅರ್ಧ ಕೆಲಸ ಮುಗಿದಂತೆ.

ಹೆಜ್ಜೆ 2: ಸರಿಯಾದ ಬಾಗಿಲು

1905ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಡಾ. ರಿಚರ್ಡ್ ಕ್ಯಾಬಟ್ ಅವರು ರೋಗಿಗಳ ಮನೆಯ ಪರಿಸ್ಥಿತಿ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿದರು. ಮದ್ದು ಕೊಟ್ಟು ಕಳಿಸಿದರೆ ಸಾಲದು ಎಂದು ಅವರಿಗೆ ಅನ್ನಿಸಿತ್ತು. ಆಸ್ಪತ್ರೆಯ ಸಮಾಜಕಾರ್ಯ ನೆಲೆಯೂರಿದ್ದು ಅಲ್ಲಿಂದ. ಇಂದಿಗೂ ಸಣ್ಣ ಊರಿನಲ್ಲಿ ಮೊದಲು ಕೇಳಬೇಕಾದ ಜಾಗ ಆಸ್ಪತ್ರೆಯೇ.

ಕೇಳುವಾಗ ಸ್ವಾಗತದ ಮೇಜಿನಲ್ಲಿ ‘ಸೋಷಿಯಲ್ ವರ್ಕರ್ ಇದ್ದಾರಾ?’ ಎಂದಷ್ಟೇ ಕೇಳಬೇಡಿ. ಸವಲತ್ತಿನ ಅರ್ಜಿ ನೋಡುವವರ ಕಡೆ ಕೈ ತೋರಿಸಿಬಿಡುತ್ತಾರೆ. ‘ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ಕೊಡುವ ಸೋಷಿಯಲ್ ವರ್ಕರ್, ಸಮಾಜಕಾರ್ಯದಲ್ಲಿ ಎಂಎ ಅಥವಾ ಎಂಎಸ್‌ಡಬ್ಲ್ಯು ಓದಿದವರು, ವಾರದಲ್ಲಿ ಯಾವ ದಿನ ಬರುತ್ತಾರೆ?’ ಎಂದು ಕೇಳಿ. ಸಣ್ಣ ಊರಿನಲ್ಲಿ ‘ಇದ್ದಾರಾ’ ಎಂಬುದಕ್ಕಿಂತ ‘ಯಾವ ದಿನ’ ಎಂಬ ಪ್ರಶ್ನೆಗೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಒಬ್ಬರೇ ಮೂರು ನಾಲ್ಕು ಊರು ಸುತ್ತುತ್ತಿರುತ್ತಾರೆ.

ಅಮೆರಿಕದಲ್ಲಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ಮಾನ್ಯತೆಯಿರುವ ಪ್ರತಿ ಡಯಾಲಿಸಿಸ್ ಕೇಂದ್ರದಲ್ಲೂ ಸ್ನಾತಕೋತ್ತರ ಪದವಿಯ ಸೋಷಿಯಲ್ ವರ್ಕರ್ ಇರಲೇಬೇಕೆಂಬ ನಿಯಮವಿದೆ. ಅಂತಿಮ ಹಂತದ ಆರೈಕೆ ಕೊಡುವ ಹಾಸ್ಪಿಸ್ ತಂಡದಲ್ಲೂ ಸಾಮಾನ್ಯವಾಗಿ ಸೋಷಿಯಲ್ ವರ್ಕರ್ ಇರುತ್ತಾರೆ. ಇವರು ನಿಮ್ಮನ್ನು ತಾವೇ ನೋಡಲಾಗದಿರಬಹುದು, ಆದರೆ ಸುತ್ತಲಿನ ಐವತ್ತು ಮೈಲಿಯಲ್ಲಿ ಈ ಕಸುಬಿನವರು ಯಾರಿದ್ದಾರೆ, ಯಾರ ಬಳಿ ಜಾಗ ಖಾಲಿಯಿದೆ ಎಂಬುದು ಅವರಿಗೆ ಬಾಯಿಪಾಠ. ಅಲ್ಲಿನ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಒಕ್ಕೂಟ ಸರ್ಕಾರದ ಮಾನ್ಯತೆ ಪಡೆದವು ಆದಾಯಕ್ಕೆ ತಕ್ಕಂತೆ ಶುಲ್ಕ ಇಳಿಸಲೇಬೇಕು. 211ಕ್ಕೆ ಕರೆ ಮಾಡಿದರೂ ಹತ್ತಿರದ ಸೇವೆಗಳ ಮಾಹಿತಿ ಕೊಡುತ್ತಾರೆ.

ಭಾರತದಲ್ಲಿ ಈ ಕೆಲಸ ಮಾಡುವವರನ್ನು ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಎನ್ನುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಇವರಿಗೂ ಹುದ್ದೆ ಇದೆ. ಹಾಗಾಗಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ತಂಡ ಯಾವ ಆಸ್ಪತ್ರೆಗೆ ಯಾವ ದಿನ ಬರುತ್ತದೆಂದು ಕೇಳಿ ಬರೆದುಕೊಳ್ಳಿ. ಟೆಲಿ-ಮಾನಸ್‌ನವರೂ ಹತ್ತಿರದ ಸೇವೆಗೆ ದಾರಿ ತೋರಿಸುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಆಸ್ಟ್ರೇಲಿಯಾದಲ್ಲಿ ಮೊದಲು ಜಿಪಿ, ಅಂದರೆ ಕುಟುಂಬ ವೈದ್ಯರ ಹತ್ತಿರ ಮಾನಸಿಕ ಚಿಕಿತ್ಸಾ ಯೋಜನೆ ಬರೆಸಿಕೊಳ್ಳಬೇಕು. ಆಗ ಅರ್ಹ ಸೋಷಿಯಲ್ ವರ್ಕರ್ ಜೊತೆಗಿನ ಭೇಟಿಗಳಿಗೆ ವರ್ಷಕ್ಕೆ 10ರವರೆಗೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಮರುಪಾವತಿ ಸಿಗುತ್ತದೆ.

ಶಾಲೆ, ಮುಪ್ಪಿನ ಆರೈಕೆ ಕೇಂದ್ರ, ಮಕ್ಕಳ ರಕ್ಷಣಾ ಘಟಕ, ಮಾಜಿ ಸೈನಿಕರ ಆಸ್ಪತ್ರೆ, ಹತ್ತಿರದ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗ, ಇವೂ ಬಾಗಿಲುಗಳೇ. ಕೊನೆಯದನ್ನು ಮರೆಯಬೇಡಿ: ತಮ್ಮ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿ ಕೆಲಸ ಮಾಡುತ್ತಿದ್ದಾರೆಂದು ಅಧ್ಯಾಪಕರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹೆಜ್ಜೆ 3: ಫೋನ್ ಮತ್ತು ಕಾಯುವ ಪಟ್ಟಿ

ವಿಮಾ ಕಂಪನಿಯ ಪಟ್ಟಿಗಳನ್ನೂ ಅಂತರ್ಜಾಲದ ಡೈರೆಕ್ಟರಿಗಳನ್ನೂ ಪೂರ್ತಿ ನಂಬಬೇಡಿ. ಊರು ಬಿಟ್ಟವರು, ಕೆಲಸ ನಿಲ್ಲಿಸಿದವರು, ಹೊಸಬರನ್ನು ತೆಗೆದುಕೊಳ್ಳದವರು ಅದರಲ್ಲಿ ಹಾಗೇ ಉಳಿದಿರುತ್ತಾರೆ. ಒಬ್ಬರಿಗೆ ಕರೆ ಮಾಡಿ ಅವರ ಉತ್ತರಕ್ಕೆ ಎರಡು ವಾರ ಕಾಯುವುದು ಎಲ್ಲರೂ ಮಾಡುವ ತಪ್ಪು. ಒಂದೇ ದಿನ ಐದಾರು ಕಡೆ ಕರೆ ಮಾಡಿ. ಎರಡು ಮೂರು ಕಡೆ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸುವುದರಲ್ಲಿ ತಪ್ಪಿಲ್ಲ, ಒಂದು ಕಡೆ ಸಿಕ್ಕ ಕೂಡಲೇ ಉಳಿದೆಡೆ ತೆಗೆಸಿಬಿಡಿ.

ಧ್ವನಿ ಸಂದೇಶ ಬಿಡುವುದಾದರೆ ಇಷ್ಟು ಸಾಕು: ‘ನನ್ನ ಹೆಸರು ಇಂಥದ್ದು. ಹೊಸಬರಿಗೆ ಸಮಯ ಇದೆಯೇ ಎಂದು ಕೇಳಲು ಕರೆ ಮಾಡಿದೆ, ಆತಂಕದ ತೊಂದರೆಗೆ. ಈ ನಂಬರಿಗೆ ಮಧ್ಯಾಹ್ನ ಒಂದರಿಂದ ಎರಡರೊಳಗೆ ಕರೆ ಮಾಡಿದರೆ ಒಬ್ಬನೇ ಇರುತ್ತೇನೆ. ಬೇರೆ ಹೊತ್ತಿನಲ್ಲಿ ಸಂದೇಶ ಬಿಡಬೇಡಿ.’ ಈ ಕೊನೆಯ ಎರಡು ವಾಕ್ಯಗಳಿಗೆ ಬಹಳ ಬೆಲೆಯಿದೆ. ಕರೆ ಮಾಡುವ ಹೊತ್ತು ಹೇಳದಿದ್ದರೆ ಅವರು ಮಾಡಿದಾಗ ನೀವು ಎತ್ತುವುದಿಲ್ಲ, ನೀವು ಮಾಡಿದಾಗ ಅವರು ಇನ್ನೊಬ್ಬರ ಜೊತೆ ಕೂತಿರುತ್ತಾರೆ. ಹೀಗೆಯೇ ತಿಂಗಳು ಕಳೆದುಹೋಗುತ್ತದೆ.

ಜಾಗವಿಲ್ಲ ಎಂದರೆ ಫೋನ್ ಇಡುವ ಮೊದಲು ಮೂರು ಮಾತು ಕೇಳಿ. ಯಾರಾದರೂ ಭೇಟಿ ರದ್ದು ಮಾಡಿದರೆ ಒಂದು ಗಂಟೆ ಮುಂಚೆ ಹೇಳಿದರೂ ಬರುತ್ತೇನೆ, ನನ್ನನ್ನು ಆ ಪಟ್ಟಿಗೆ ಸೇರಿಸುತ್ತೀರಾ? ಎಷ್ಟು ವಾರದ ಕಾಯುವಿಕೆ? ನಿಮ್ಮವರೇ ಯಾರಿಗಾದರೂ ಈ ಸಮಸ್ಯೆ ಬಂದರೆ ನೀವು ಯಾರ ಹತ್ತಿರ ಕಳಿಸುತ್ತೀರಿ? ಮೂರನೆಯ ಪ್ರಶ್ನೆಗೆ ಬರುವ ಹೆಸರನ್ನು ತಪ್ಪದೆ ಬರೆದುಕೊಳ್ಳಿ. ಎರಡು ವಾರ ಬಿಟ್ಟು ಮತ್ತೆ ಕರೆ ಮಾಡಿ. ಇದರಿಂದ ಅವರಿಗೆ ಕಿರಿಕಿರಿಯಾಗುತ್ತದೆಂದು ಹಿಂಜರಿಯಬೇಡಿ, ಪಟ್ಟಿಯಲ್ಲಿರುವ ಯಾರಿಗೆ ಇನ್ನೂ ಅಗತ್ಯವಿದೆ ಎಂದು ಅವರಿಗೂ ತಿಳಿಯಬೇಕು.

ಹೆಜ್ಜೆ 4: ಅರ್ಹತೆಯನ್ನು ನೀವೇ ನೋಡಿ

ಕೌನ್ಸಿಲರ್, ಥೆರಪಿಸ್ಟ್, ಲೈಫ್ ಕೋಚ್ ಎಂಬ ಹೆಸರುಗಳನ್ನು ಬಹಳ ಕಡೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದಕ್ಕೇ ಹೆಸರಿನ ಹಿಂದಿನ ನೋಂದಣಿ ನೋಡಬೇಕು.

ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯ. ಹೆಸರಿನ ಮುಂದೆ ಸಾಮಾನ್ಯವಾಗಿ ಎಲ್‌ಸಿಎಸ್‌ಡಬ್ಲ್ಯು (ಲೈಸೆನ್ಸ್ಡ್ ಕ್ಲಿನಿಕಲ್ ಸೋಷಿಯಲ್ ವರ್ಕರ್) ಎಂಬ ಅಕ್ಷರಗಳಿರುತ್ತವೆ. ಮ್ಯಾಸಚೂಸೆಟ್ಸ್‌ನಲ್ಲಿ ಎಲ್‌ಐಸಿಎಸ್‌ಡಬ್ಲ್ಯು, ಮೇರಿಲ್ಯಾಂಡ್‌ನಲ್ಲಿ ಎಲ್‌ಸಿಎಸ್‌ಡಬ್ಲ್ಯು-ಸಿ. ಸ್ನಾತಕೋತ್ತರ ಪದವಿಯ ಮೇಲೆ ಸುಮಾರು 2ರಿಂದ 3 ವರ್ಷದ ಮೇಲ್ವಿಚಾರಣೆಯ ಕೆಲಸ, ಬಹಳಷ್ಟು ರಾಜ್ಯಗಳಲ್ಲಿ 3,000 ಗಂಟೆಯ ಆಸುಪಾಸು, ಆಮೇಲೆ ಪರೀಕ್ಷೆ. ರಾಜ್ಯದ ಪರವಾನಗಿ ಮಂಡಳಿಯ ಜಾಲತಾಣದಲ್ಲಿ ಹೆಸರು ಹಾಕಿದರೆ ಪರವಾನಗಿ ಚಾಲ್ತಿಯಲ್ಲಿದೆಯೇ, ಯಾವಾಗ ಮುಗಿಯುತ್ತದೆ, ಶಿಸ್ತುಕ್ರಮವೇನಾದರೂ ಆಗಿದೆಯೇ ಎಂದು ಕಾಣುತ್ತದೆ. ಹೆಸರು ಸಿಗದಿದ್ದರೆ ಗಾಬರಿ ಬೇಡ, ಮದುವೆಗೆ ಮುಂಚಿನ ಹೆಸರಿನಲ್ಲಿ ಇರಬಹುದು. ಪರವಾನಗಿ ಸಂಖ್ಯೆಯನ್ನೇ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ಅವರನ್ನು ಬಿಟ್ಟುಬಿಡಿ.

ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್ ಎನಿಸಿಕೊಳ್ಳಲು ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಜೊತೆ, ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿ ಇರುವ ಪೂರ್ಣಾವಧಿಯ 2 ವರ್ಷದ ಎಂಫಿಲ್ ಬೇಕು. ಎಂಎಸ್‌ಡಬ್ಲ್ಯು ಮಾತ್ರ ಓದಿದವರೂ ಒಳ್ಳೆಯ ಕೆಲಸ ಮಾಡುತ್ತಾರೆ, ಆದರೆ ತೀವ್ರ ಕಾಯಿಲೆಗೆ ಅವರು ಯಾರ ಮೇಲ್ವಿಚಾರಣೆಯಲ್ಲಿದ್ದಾರೆಂದು ಕೇಳಿ. ಇಂಗ್ಲೆಂಡ್‌ನಲ್ಲಿ ‘ಸೋಷಿಯಲ್ ವರ್ಕರ್’ ಎಂಬ ಹೆಸರಿಗೇ ಕಾನೂನಿನ ರಕ್ಷಣೆಯಿದೆ, ಸೋಷಿಯಲ್ ವರ್ಕ್ ಇಂಗ್ಲೆಂಡ್‌ನ ನೋಂದಣಿ ಪುಸ್ತಕ ಎಲ್ಲರೂ ನೋಡುವಂತಿದೆ.

ಸಣ್ಣ ಊರಿನಲ್ಲಿ ಸಿಗುವವರು ಇನ್ನೂ ಮೇಲ್ವಿಚಾರಣೆಯ ಅವಧಿಯಲ್ಲಿರುವ ಕಿರಿಯರಾಗಿರಬಹುದು. ಅದೊಂದೇ ಕಾರಣಕ್ಕೆ ಅವರನ್ನು ತಿರಸ್ಕರಿಸುವುದು ತಪ್ಪು. ವಾರವಾರವೂ ಒಬ್ಬ ಹಿರಿಯರ ಜೊತೆ ನಿಮ್ಮ ವಿಷಯ ಚರ್ಚಿಸುವವರು, ಯಾರ ಜೊತೆಗೂ ಚರ್ಚಿಸದೆ ಒಂಟಿಯಾಗಿ ಕೆಲಸ ಮಾಡುವ ಹಿರಿಯರಿಗಿಂತ ಎಷ್ಟೋ ಸಲ ಹೆಚ್ಚು ಜಾಗರೂಕರಾಗಿರುತ್ತಾರೆ. ಆ ಹಿರಿಯರು ಯಾರು, ಅವರು ಇದೇ ಊರಿನವರೇ ಎಂದು ಮಾತ್ರ ಕೇಳಿ ತಿಳಿದುಕೊಳ್ಳಿ.

ಹೆಜ್ಜೆ 5: ಗೋಪ್ಯತೆಯ ಮಾತು ಮೊದಲ ಭೇಟಿಗೂ ಮುಂಚೆ

ಸಣ್ಣ ಊರಿನ ನಿಜವಾದ ತೊಡಕು ಇಲ್ಲಿದೆ. ಸೋಷಿಯಲ್ ವರ್ಕರ್ ಬಾಯಿಬಿಡುವುದರಿಂದ ಗುಟ್ಟು ಹೊರಬೀಳುವುದು ಕಡಿಮೆ. ಅವರಿಗೆ ಕಾನೂನಿನ ಕಟ್ಟೂ ಕಸುಬಿನ ನೀತಿಯ ಕಟ್ಟೂ ಇದೆ, ಭಾರತದ 2017ರ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ಗುಟ್ಟು ಸೋರುವುದು ಬೇರೆ ಕಡೆಗಳಲ್ಲಿ: ಕಾಯುವ ಕೋಣೆಯಲ್ಲಿ, ಹೊರಗೆ ನಿಲ್ಲಿಸಿದ ನಿಮ್ಮ ವಾಹನದಲ್ಲಿ, ಮನೆಗೆ ಬರುವ ವಿಮೆಯ ಪತ್ರದಲ್ಲಿ, ಮನೆಮಂದಿಯೆಲ್ಲ ನೋಡುವ ಫೋನಿನಲ್ಲಿ, ಸ್ವಾಗತದ ಮೇಜಿನಲ್ಲಿ ಕೂತಿರುವ ನೆಂಟರಲ್ಲಿ.

ಒಂದೊಂದಕ್ಕೂ ಪರಿಹಾರವಿದೆ. ದಿನದ ಮೊದಲ ಅಥವಾ ಕೊನೆಯ ಸಮಯ ಕೇಳಿ, ಎದುರುಬದುರಾಗುವವರು ಕಮ್ಮಿ. ಹತ್ತು ನಿಮಿಷ ಮುಂಚೆ ಬಂದು ಒಳಗೆ ಕೂರುವ ಬದಲು, ‘ಸಮಯವಾದಾಗ ಕರೆ ಮಾಡಿ, ಹೊರಗಿಂದ ನೇರ ಬರುತ್ತೇನೆ’ ಎಂದರೆ ಬಹಳ ಮಂದಿ ಒಪ್ಪುತ್ತಾರೆ. ವಿವಿಧ ವಿಭಾಗಗಳಿರುವ ಆಸ್ಪತ್ರೆಯೊಳಗಿನ ಕೋಣೆ ಒಳ್ಳೆಯದು, ಅಲ್ಲಿಗೆ ಯಾರು ಯಾವುದಕ್ಕೆ ಬಂದರೆಂದು ಯಾರೂ ಲೆಕ್ಕವಿಡುವುದಿಲ್ಲ. ವಿಮೆ ಗಂಡನ ಅಥವಾ ತಂದೆಯ ಹೆಸರಿನಲ್ಲಿದ್ದರೆ ಭೇಟಿಯ ವಿವರ ಅವರ ಹೆಸರಿಗೇ ಹೋಗಬಹುದು. ಬಿಲ್ಲು ಕಳಿಸುವ ಮೊದಲೇ ಇದನ್ನು ಕೇಳಿ. ಅಮೆರಿಕದಲ್ಲಿ ಆರೋಗ್ಯ ಮಾಹಿತಿಯ ಗೋಪ್ಯತೆ ಕಾಯುವ ಹಿಪಾ ನಿಯಮದಡಿ ಪತ್ರಗಳನ್ನು ಬೇರೆ ವಿಳಾಸಕ್ಕೆ ಕಳಿಸಿ ಎಂದು ಕೇಳುವ ಹಕ್ಕಿದೆ. ಅದನ್ನು ಬರೆದುಕೊಡಿ, ಬಾಯಿಮಾತು ಉಳಿಯುವುದಿಲ್ಲ.

ಎರಡನೆಯ ತೊಡಕು ಪರಿಚಯ. ನಿಮ್ಮ ಸೋಷಿಯಲ್ ವರ್ಕರ್ ನಿಮ್ಮ ಮಗಳ ಸಹಪಾಠಿಯ ತಾಯಿಯಾಗಿರಬಹುದು. ಸಣ್ಣ ಊರಿನಲ್ಲಿ ಇದನ್ನು ಪೂರ್ತಿ ತಪ್ಪಿಸಲಾಗದು, ಗೆರೆ ಮಾತ್ರ ಸ್ಪಷ್ಟವಾಗಿರಬೇಕು. ಹತ್ತಿರದ ನೆಂಟರು, ಆಪ್ತ ಗೆಳೆಯರು, ಮೇಲಧಿಕಾರಿ, ವ್ಯವಹಾರದ ಪಾಲುದಾರರು ಆಗಿದ್ದರೆ ಬೇಡವೇ ಬೇಡ. ಮುಖಪರಿಚಯವಷ್ಟೇ ಇದ್ದರೆ ಮೊದಲ ಭೇಟಿಯಲ್ಲೇ ಕೇಳಿ: ‘ಹೊರಗೆ ಎದುರಾದರೆ ಏನು ಮಾಡೋಣ?’ ಅನುಭವಸ್ಥರು ‘ನೀವಾಗಿ ಮಾತಾಡಿಸಿದರೆ ಮಾತ್ರ ನಾನು ಮಾತಾಡುತ್ತೇನೆ’ ಎನ್ನುತ್ತಾರೆ. ನಿಮ್ಮ ಮನೆಯವರನ್ನು ಅಥವಾ ನಿಮ್ಮ ಜೊತೆ ಜಗಳವಿರುವವರನ್ನು ಅವರು ಈಗಾಗಲೇ ನೋಡುತ್ತಿರಬಹುದು. ಅದನ್ನು ಅವರು ಬಾಯಿಬಿಟ್ಟು ಹೇಳುವಂತಿಲ್ಲ. ಕಾರಣ ಹೇಳದೆ ಬೇರೊಬ್ಬರ ಹತ್ತಿರ ಕಳಿಸಿದರೆ ಅವಮಾನವೆಂದು ತಿಳಿಯಬೇಡಿ, ಬಹುಶಃ ಇದೇ ಕಾರಣ.

ಗೋಪ್ಯತೆಗೆ ಮಿತಿಗಳೂ ಇವೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ತಕ್ಷಣದ ಅಪಾಯ, ಮಕ್ಕಳ ಮೇಲಿನ ದೌರ್ಜನ್ಯ, ನ್ಯಾಯಾಲಯದ ಆದೇಶ, ಇವುಗಳಲ್ಲಿ ಅವರು ಸುಮ್ಮನಿರಲಾಗದು. ಮೊದಲ ಭೇಟಿಯಲ್ಲಿ ಇದನ್ನು ತಾವಾಗಿಯೇ ವಿವರಿಸದಿದ್ದರೆ ನೀವೇ ಕೇಳಿ.

ಹೆಜ್ಜೆ 6: ದೂರದಿಂದ ವಿಡಿಯೋ ಮೂಲಕ

ಊರಿನಲ್ಲಿ ಸಿಗದಿದ್ದರೆ, ಅಥವಾ ಸಿಕ್ಕವರು ತೀರಾ ಪರಿಚಿತರಾಗಿದ್ದರೆ, ವಿಡಿಯೋ ಭೇಟಿ ಒಳ್ಳೆಯ ದಾರಿ. ಅಮೆರಿಕದಂಥ ರಾಜ್ಯವಾರು ಪರವಾನಗಿಯ ದೇಶದಲ್ಲಿ ಲೆಕ್ಕಕ್ಕೆ ಬರುವುದು ಆ ಹೊತ್ತಿಗೆ ನೀವು ಕೂತಿರುವ ಜಾಗ. ನೀವಿರುವ ರಾಜ್ಯದಲ್ಲಿ ಅವರಿಗೆ ಕೆಲಸ ಮಾಡುವ ಅನುಮತಿ ಇರಬೇಕು, ಪ್ರವಾಸದಲ್ಲಿದ್ದರೆ ಮುಂಚೆಯೇ ತಿಳಿಸಿ.

ಭೇಟಿ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಸಂಪರ್ಕ ಕಡಿದುಹೋಗುವುದು. ಕಡಿದರೆ ಯಾರು ಯಾರಿಗೆ, ಎಷ್ಟು ನಿಮಿಷದೊಳಗೆ, ಯಾವ ನಂಬರಿಗೆ ಕರೆ ಮಾಡಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಸಿಗ್ನಲ್ ದುರ್ಬಲವಾಗಿದ್ದರೆ ಚಿತ್ರ ನಿಲ್ಲಿಸಿ ಧ್ವನಿ ಮಾತ್ರ ಇಟ್ಟುಕೊಂಡರೆ ಭೇಟಿ ಉಳಿಯುತ್ತದೆ. ಇನ್ನೊಂದು, ಪಕ್ಕದ ಕೋಣೆಗೆ ಮಾತು ಕೇಳಿಸುವುದು. ಇಯರ್‌ಫೋನ್ ಅವರ ದನಿಯನ್ನು ಮುಚ್ಚುತ್ತದೆ, ನಿಮ್ಮದನ್ನಲ್ಲ. ಬಾಗಿಲ ಹೊರಗೆ ಫ್ಯಾನು ಅಥವಾ ರೇಡಿಯೊ ಹಾಕಿ, ಇಲ್ಲವೇ ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡಿ. ಪ್ರತಿ ಸಲ ಶುರುವಿನಲ್ಲಿ ಅವರು ‘ಈಗ ಎಲ್ಲಿದ್ದೀರಿ?’ ಎಂದು ಕೇಳಿದರೆ ನಿಜವಾದ ವಿಳಾಸವನ್ನೇ ಹೇಳಿ. ತುರ್ತಾದರೆ ಸಹಾಯ ಎಲ್ಲಿಗೆ ಕಳಿಸಬೇಕೆಂದು ತಿಳಿಯಲು ಅವರಿಗೆ ಇರುವುದು ಅದೊಂದೇ ದಾರಿ.

ಹೆಜ್ಜೆ 7: ಮೊದಲ ನಾಲ್ಕು ಭೇಟಿ

ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ. ಮೊದಲನೆಯದು ಹೆಚ್ಚೂಕಡಿಮೆ ಪೂರ್ತಿ ಪ್ರಶ್ನೆಗಳಲ್ಲೇ ಮುಗಿಯುತ್ತದೆ: ನಿದ್ದೆ, ಹಸಿವು, ಕುಡಿತ, ಹಿಂದಿನ ಕಾಯಿಲೆ, ಮನೆಯಲ್ಲಿ ಯಾರ್‍ಯಾರು, ಸಾಯುವ ಯೋಚನೆ ಬಂದಿದೆಯೇ. ‘ಬರೀ ಕೇಳಿದರು, ಏನೂ ಹೇಳಲಿಲ್ಲ’ ಎಂದು ಅಲ್ಲಿಗೇ ಬಿಡುವವರಿದ್ದಾರೆ. ಬಿಡಬೇಡಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಒಯ್ಯಿರಿ. ನಿಮ್ಮ ಕಡೆಯಿಂದ ಕೇಳಬೇಕಾದದ್ದು: ನನ್ನಂಥ ತೊಂದರೆಗೆ ಯಾವ ವಿಧಾನ ಬಳಸುತ್ತೀರಿ? ಎಷ್ಟು ಭೇಟಿಯ ಮೇಲೆ ಪ್ರಗತಿ ನೋಡುತ್ತೇವೆ? ಭೇಟಿಗಳ ನಡುವೆ ತುರ್ತಾದರೆ ಯಾರನ್ನು ಕರೆಯಲಿ? ರದ್ದು ಮಾಡಬೇಕಾದರೆ ಎಷ್ಟು ಗಂಟೆ ಮುಂಚೆ ಹೇಳಬೇಕು?

ಪ್ರಗತಿಯನ್ನು ಮನಸ್ಸಿನ ಲೆಕ್ಕದಲ್ಲಿ ಬಿಡಬೇಡಿ. ಖಿನ್ನತೆಗೆ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಇದೆ, ಅಂಕ 0ರಿಂದ 27. ಹತ್ತು ಅಥವಾ ಹೆಚ್ಚು ಬಂದರೆ ಗಮನ ಕೊಡಲೇಬೇಕು. ಆತಂಕಕ್ಕೆ ಜಿಎಡಿ-7, ಅಂಕ 0ರಿಂದ 21. ಮೊದಲ ಭೇಟಿಯಲ್ಲೂ ನಾಲ್ಕನೆಯದರಲ್ಲೂ ತುಂಬಿ ಹೋಲಿಸಿ. ಪಿಎಚ್‌ಕ್ಯು-9ರಲ್ಲಿ 5 ಅಂಕ ಇಳಿದರೆ ಅದು ನಿಜವಾದ ಬದಲಾವಣೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಒಟ್ಟು ಅಂಕ ಎಷ್ಟೇ ಕಮ್ಮಿಯಿರಲಿ, ಅಲ್ಲಿ ಸೊನ್ನೆ ಬಿಟ್ಟು ಬೇರೇನಿದ್ದರೂ ಅದೇ ದಿನ ಮಾತಾಡಬೇಕು.

ನಾಲ್ಕನೇ ಭೇಟಿಯ ಹೊತ್ತಿಗೆ ಗುರಿ ಏನೆಂದು ಇಬ್ಬರೂ ಒಂದೇ ವಾಕ್ಯದಲ್ಲಿ ಹೇಳಲಾಗದಿದ್ದರೆ, ಅಥವಾ ನೀವು ಮುಖ್ಯ ಸಂಗತಿಯನ್ನು ಇನ್ನೂ ಮುಚ್ಚಿಡುತ್ತಿದ್ದರೆ, ಅದನ್ನು ಎದುರಿಗೇ ಹೇಳಿ. ಊರಿನಲ್ಲಿ ಇವರೊಬ್ಬರೇ ಎಂಬ ಕಾರಣಕ್ಕೆ ಸುಮ್ಮನೆ ಮುಂದುವರಿಯುವವರು ಬಹಳ, ಸದ್ದಿಲ್ಲದೆ ನಿಲ್ಲಿಸುವವರು ಇನ್ನೂ ಬಹಳ. ‘ಈ ರೀತಿ ನನಗೆ ಒಗ್ಗುತ್ತಿಲ್ಲ’ ಎಂದರೆ ಒಳ್ಳೆಯ ಸೋಷಿಯಲ್ ವರ್ಕರ್ ವಿಧಾನ ಬದಲಿಸುತ್ತಾರೆ, ಇಲ್ಲವೇ ಬೇರೆಯವರ ಹೆಸರು ಕೊಡುತ್ತಾರೆ. ಚಿಕಿತ್ಸೆಯ ಹೊರಗೆ ಸ್ನೇಹ ಬೆಳೆಸಲು ನೋಡುವುದು, ಸಾಲ ಕೇಳುವುದು, ಇನ್ನೊಬ್ಬ ರೋಗಿಯ ಕತೆಯನ್ನು ಗುರುತು ಸಿಗುವಂತೆ ಹೇಳುವುದು, ಮೈಮುಟ್ಟಿ ಸಮಾಧಾನ ಮಾಡಲು ಬರುವುದು, ಇವುಗಳಲ್ಲಿ ಒಂದು ನಡೆದರೂ ಆವತ್ತೇ ನಿಲ್ಲಿಸಿ ಪರವಾನಗಿ ಮಂಡಳಿಗೋ ಅವರ ಸಂಸ್ಥೆಯ ಮುಖ್ಯಸ್ಥರಿಗೋ ಬರೆಯಿರಿ.

ಸಣ್ಣ ಊರುಗಳಲ್ಲಿ ಈ ಕಸುಬಿನವರು ಬಹಳ ಕಾಲ ನಿಲ್ಲುವುದಿಲ್ಲ, ವರ್ಗ ಆಗುತ್ತದೆ, ಯೋಜನೆ ಮುಗಿಯುತ್ತದೆ. ಹೋಗುತ್ತಾರೆಂದು ತಿಳಿದ ಕೂಡಲೇ ಎರಡು ಕೆಲಸ ಮಾಡಿ. ನಿಮ್ಮ ಚಿಕಿತ್ಸೆಯ ಸಾರಾಂಶವನ್ನು ಒಂದು ಪುಟದಲ್ಲಿ ಬರೆಸಿಕೊಳ್ಳಿ: ರೋಗನಿರ್ಣಯ, ಬಳಸಿದ ವಿಧಾನ, ಏನು ಕೆಲಸ ಮಾಡಿತು, ಯಾವ ಲಕ್ಷಣ ಕಂಡರೆ ಎಚ್ಚರವಹಿಸಬೇಕು. ಆಮೇಲೆ, ದಾಖಲೆಗಳನ್ನು ಮುಂದೆ ಯಾರು ಇಟ್ಟುಕೊಳ್ಳುತ್ತಾರೆ, ಬೇಕಾದಾಗ ಯಾರಿಗೆ ಅರ್ಜಿ ಕೊಡಬೇಕು ಎಂಬುದನ್ನು ಹೆಸರು, ವಿಳಾಸ ಸಮೇತ ಬರೆದುಕೊಳ್ಳಿ. ಹೊಸಬರು ಬಂದಾಗ ಆ ಒಂದು ಪುಟ ಕೈಗೆ ಕೊಟ್ಟರೆ ನಿಮ್ಮ ಕತೆಯನ್ನು ಮೊದಲಿಂದ ಹೇಳುವ ಕಷ್ಟ ತಪ್ಪುತ್ತದೆ.